ಬೀಗದ ಕೈ ಯಾರ ಬಳಿ ಇದೆ?

2025ರ ಶರತ್ಕಾಲವನ್ನು ನಾನು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕಳೆದೆನು. ರಾಜಧಾನಿ ವಾಷಿಂಗ್ಟನ್ ನಗರವು ಅಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಅಲ್ಲಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಆದರೆ ಅಕ್ಟೋಬರ್ 1ರಂದು ಆ ದೇಶದ ಕೇಂದ್ರ ಸರ್ಕಾರದ ಕೆಲಸ ಬಹುಮಟ್ಟಿಗೆ ನಿಂತಿತು. ಹಿಂದಿನ ವರ್ಷದ ಉಳಿಕೆ ಹಣದಿಂದ ಕೆಲವು ದಿನ ನಡೆದ ಸಂಗ್ರಹಾಲಯಗಳೂ 12ರಂದು ಬಾಗಿಲು ಹಾಕಿದವು. ಯುದ್ಧ ಬಂದಿರಲಿಲ್ಲ, ರೋಗ ಹಬ್ಬಿರಲಿಲ್ಲ, ಬೊಕ್ಕಸವೂ ಬರಿದಾಗಿರಲಿಲ್ಲ. ಖರ್ಚಿಗೆ ಅನುಮತಿ ಕೊಡಬೇಕಾದವರು ತಮ್ಮತಮ್ಮೊಳಗೆ ಒಪ್ಪದೆ ಅನುಮತಿಯನ್ನು ಕೊಟ್ಟಿರಲಿಲ್ಲ, ಅಷ್ಟೆ.

ಮಗಳ ಪಕ್ಕದ ಮನೆಯ ಗೃಹಸ್ಥರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ತಪಾಸಣೆಯ ಕೆಲಸದಲ್ಲಿರುವವರು. ಅವರದು ನಿಲ್ಲಿಸಬಾರದ ಕೆಲಸವೆಂದು ಗೊತ್ತುಪಡಿಸಿದ್ದರಿಂದ ನಿತ್ಯವೂ ನಸುಕಿನಲ್ಲಿ ಸಮವಸ್ತ್ರ ಧರಿಸಿ ಹೊರಡುತ್ತಿದ್ದರು. ಎರಡು ವಾರಕ್ಕೊಮ್ಮೆ ಬರುವ ಸಂಬಳ ಮೊದಲ ಸಲ ಪೂರ್ತಿ ಬರಲಿಲ್ಲ. ಮುಂದಿನದು ಬರುವ ಲಕ್ಷಣವೇ ಇರಲಿಲ್ಲ. ಭಗವಾನ್ ಮಹಾವೀರರ ನಿರ್ವಾಣೋತ್ಸವದ ದಿನ ನನ್ನ ಮಗಳು ಲಾಡುಗಳ ಡಬ್ಬಿಯೊಂದಿಗೆ ಅಕ್ಕಿ, ಬೇಳೆ, ಎಣ್ಣೆ ತುಂಬಿದ ಒಂದು ಚೀಲವನ್ನೂ ಅವರಿಗೆ ಒಯ್ದು ಕೊಟ್ಟಳು. ಅವರು ಲಾಡನ್ನು ಸಂತೋಷದಿಂದ ಸ್ವೀಕರಿಸಿ ಚೀಲವನ್ನು ಮೆಲ್ಲನೆ ಹಿಂದಕ್ಕೆ ಕೊಟ್ಟರು. "ನಾನು ಕೆಲಸವಿಲ್ಲದವನಲ್ಲ ತಾಯಿ. ದಿನವೂ ಕೆಲಸ ಮಾಡಿಯೇ ಬರುತ್ತಿದ್ದೇನೆ" ಎಂಬರ್ಥದ ಮಾತನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಮಾತು ಹೊಸದಾಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಕೇಳಿದ್ದೆನು.

ಅಂದು ರಾತ್ರಿ ಅಳಿಯನಿಗೂ ಅವನ ಗೆಳೆಯನಿಗೂ ವಾದ ನಡೆಯಿತು. ಅಧಿಕಾರದಲ್ಲಿರುವ ಪಕ್ಷವೇ ಇದನ್ನು ಮುಗಿಸಬೇಕೆಂದು ಒಬ್ಬರು, ತಡೆದು ಕೂತಿರುವ ವಿರೋಧ ಪಕ್ಷವೇ ಮುಗಿಸಬೇಕೆಂದು ಇನ್ನೊಬ್ಬರು. ಕೊನೆಗೆ ಅಳಿಯ, "ಮಾವ, ನೀವು ಲೆಕ್ಕಪತ್ರ ಬಲ್ಲವರು, ಟ್ರಸ್ಟಿನ ಕೋಶಾಧ್ಯಕ್ಷರಾಗಿದ್ದವರು. ನೀವೇ ಹೇಳಿ, ಇದನ್ನು ಕೊನೆಗಾಣಿಸುವ ಹೊಣೆ ಯಾರದು?" ಎಂದನು. ಆಗ ನಾನು ಉತ್ತರಿಸಲಿಲ್ಲ. ಊರಿಗೆ ಮರಳಿದ ಮೇಲೆ ಬರೆದಿರುವ ಈ ಲೇಖನವೇ ನನ್ನ ಉತ್ತರ.

ಮೊದಲು ಈ ಬೀಗ ಹೇಗೆ ಬೀಳುತ್ತದೆಂಬುದನ್ನು ತಿಳಿಯಬೇಕು. ಅಮೆರಿಕದಲ್ಲಿ ಕಾಂಗ್ರೆಸ್ಸಿನ ಅನುಮೋದನೆಯಿಲ್ಲದೆ ಬೊಕ್ಕಸದಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ಅದು ಅವರ ಸಂವಿಧಾನದ ಮಾತು. ಅವರ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹನ್ನೆರಡು ಧನವಿನಿಯೋಗ ಮಸೂದೆಗಳು ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಅಧ್ಯಕ್ಷರ ಸಹಿ ಪಡೆಯಬೇಕು. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದ್ದು 1977ರ ಆರ್ಥಿಕ ವರ್ಷದಿಂದೀಚೆಗೆ ನಾಲ್ಕೇ ಬಾರಿ; ಕೊನೆಯದು 1996ರಲ್ಲಿ. ಉಳಿದ ವರ್ಷಗಳಲ್ಲಿ ಕೆಲವು ವಾರ, ಕೆಲವು ತಿಂಗಳಿಗೆಂದು ತಾತ್ಕಾಲಿಕ ಅನುಮತಿಯಿಂದ ಕಾಲ ನೂಕುತ್ತಾರೆ. ಅದೂ ಸಿಗದಿದ್ದಾಗ ಬೀಗ ಬೀಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅನುಮೋದನೆಯಿಲ್ಲದೆ ಖರ್ಚಿಗೆ ಒಪ್ಪಿಕೊಳ್ಳಬಾರದೆಂಬ ಕಾಯ್ದೆ ಹತ್ತೊಂಬತ್ತನೆಯ ಶತಮಾನದ್ದು. ಆದರೂ 1980ರವರೆಗೆ ಇಂತಹ ಅಂತರ ಬಿದ್ದಾಗ ಕಚೇರಿಗಳು ಹೇಗೋ ನಡೆಯುತ್ತಲೇ ಇದ್ದವು. ಹಣ ಇಂದಲ್ಲ ನಾಳೆ ಬರುವುದೆಂಬ ನಂಬಿಕೆಯಿತ್ತು. ಆ ವರ್ಷ ಅಂದಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿಯವರು ಹಣವಿಲ್ಲದಾಗ ಕಚೇರಿ ಮುಚ್ಚಲೇಬೇಕೆಂದು ಅಭಿಪ್ರಾಯ ಕೊಟ್ಟರು. ಮರುವರ್ಷ ಜೀವ ಮತ್ತು ಸ್ವತ್ತಿನ ರಕ್ಷಣೆಯಂತಹ ಕೆಲಸಗಳಿಗೆ ವಿನಾಯಿತಿಯನ್ನು ವಿವರಿಸಿದರು. ಪಕ್ಕದ ಮನೆಯವರು ಸಂಬಳವಿಲ್ಲದೆ ದುಡಿಯಬೇಕಾದದ್ದು ಈ ವಿನಾಯಿತಿಯ ಫಲ. ಆದುದರಿಂದ ಈ ಬೀಗವು ದೈವಘಟನೆಯಲ್ಲ, ಪುರಾತನ ಪದ್ಧತಿಯೂ ಅಲ್ಲ. ಮನುಷ್ಯರು ಇತ್ತೀಚೆಗೆ ಮಾಡಿಕೊಂಡದ್ದು, ಮನುಷ್ಯರೇ ಬಿಡಬಹುದಾದದ್ದು.

ನಮ್ಮ ದೇಶದಲ್ಲಿಯೂ ಸಂಸತ್ತಿನ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಆದರೆ ಸಂವಿಧಾನದ 116ನೆಯ ವಿಧಿಯಲ್ಲಿ ಲೇಖಾನುದಾನದ ಏರ್ಪಾಡಿದೆ. ಮಂತ್ರಿಮಂಡಲವು ಲೋಕಸಭೆಗೆ ಹೊಣೆಯಾಗಿರುವುದರಿಂದ, ಆಯವ್ಯಯ ಬಿದ್ದರೆ ಕಚೇರಿಯ ಬದಲು ಸರ್ಕಾರವೇ ಬೀಳುತ್ತದೆ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ ಒಂದೇ ಮತದಿಂದ ಸೋತಿತು. ಆ ವರ್ಷದ ಆಯವ್ಯಯಕ್ಕೆ ಇನ್ನೂ ಅಂಗೀಕಾರ ದೊರೆತಿರಲಿಲ್ಲ. ಸರ್ಕಾರವನ್ನು ಕೆಡವಿದವರೂ ಬಿದ್ದವರೂ ಸೇರಿ, ಸದನ ವಿಸರ್ಜನೆಯಾಗುವ ಮೊದಲು, ಚರ್ಚೆಯಿಲ್ಲದೆ ಅದನ್ನು ಅಂಗೀಕರಿಸಿದರು. ಚರ್ಚೆಯಿಲ್ಲದ ಆಯವ್ಯಯ ಒಳ್ಳೆಯ ಮಾದರಿಯೆಂದು ನಾನು ಹೇಳಲಾರೆ. ಆದರೆ ಜಗಳ ಬೇರೆ, ಸಂಬಳ ಬೇರೆ ಎಂಬ ವಿವೇಕ ಅಂದು ಎರಡೂ ಕಡೆ ಇತ್ತು.

ಇನ್ನು 2025ರ ಜಗಳದ ವಿಷಯ. ಅಧ್ಯಕ್ಷ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷಕ್ಕೆ ಎರಡೂ ಸದನಗಳಲ್ಲಿ ಬಹುಮತವಿತ್ತು. ಆದರೆ ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮತ ಬೇಕು, ಅವರಲ್ಲಿದ್ದುದು 53. ಆರೋಗ್ಯ ವಿಮೆಯ ಕಂತಿಗೆ ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ಸಹಾಯಧನ ಆ ವರ್ಷಾಂತ್ಯಕ್ಕೆ ಮುಗಿಯುವುದಿತ್ತು. ಅದನ್ನು ಮುಂದುವರಿಸದೆ ತಾವು ಮತ ಕೊಡೆವೆಂದು ಡೆಮಾಕ್ರಟಿಕ್ ಪಕ್ಷದವರು ನಿಂತರು. ಮೊದಲು ಬಾಗಿಲು ತೆರೆಯಲಿ, ಆಮೇಲೆ ಮಾತು ಎಂದು ಒಂದು ಪಕ್ಷ. ತೆರೆದ ಮೇಲೆ ನಮ್ಮ ಮಾತನ್ನು ಕೇಳುವವರಾರು ಎಂದು ಇನ್ನೊಂದು ಪಕ್ಷ. ಎರಡೂ ಮಾತಿನಲ್ಲಿ ಹುರುಳಿತ್ತು. ವಿಮೆಯ ಕಂತು ಕಟ್ಟಲಾಗದವನ ಕಷ್ಟವೂ ಕಷ್ಟವೇ. ಸಂಬಳ ಬಾರದವನ ಕಷ್ಟವೂ ಕಷ್ಟವೇ.

ಈ ನಡುವೆ ಸುಮಾರು ಆರೂಮುಕ್ಕಾಲು ಲಕ್ಷ ನೌಕರರು ಮನೆಯಲ್ಲಿ ಕುಳಿತರು. ಏಳು ಲಕ್ಷಕ್ಕೂ ಮಿಕ್ಕವರು ವೇತನವಿಲ್ಲದೆ ದುಡಿದರು. ನೌಕರರಿಗೆ ಬಾಕಿ ವೇತನವನ್ನು ನಂತರ ಕೊಡಬೇಕೆಂದು 2019ರಲ್ಲಿ ಕಾಯ್ದೆಯಾಗಿದೆ. ಆದರೆ ಗುತ್ತಿಗೆಯ ಮೇಲೆ ಕಸ ಗುಡಿಸುವವರಿಗೆ, ಕಾವಲು ಕಾಯುವವರಿಗೆ ಆ ರಕ್ಷಣೆಯಿಲ್ಲ. ನವೆಂಬರ್ ಬಂದಾಗ ಸುಮಾರು 4 ಕೋಟಿ 20 ಲಕ್ಷ ಬಡವರು ಅವಲಂಬಿಸಿದ್ದ ಆಹಾರ ನೆರವು ತಡೆಯಿತು. ಮೀಸಲು ನಿಧಿಯಿಂದ ಅದನ್ನು ಕೊಡಬೇಕೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಇಷ್ಟರಲ್ಲೂ ಕಾಂಗ್ರೆಸ್ ಸದಸ್ಯರ ವೇತನ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಪ್ರತಿವರ್ಷದ ಅನುಮೋದನೆ ಬೇಕಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ನಾವು ಮನೆಯೊಳಗಿನ ಮಾತೆಂದು ತಿಳಿದಿದ್ದೇವೆ. ಅದು ರಾಜ್ಯಗಳಿಗೂ ಸಲ್ಲುತ್ತದೆ.

ಇಲ್ಲಿ ನಾನು ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. 1994ರಲ್ಲಿ ನಮ್ಮ ಊರಿನ ಬಸದಿಯ ಟ್ರಸ್ಟಿಗೆ ನಾನು ಕೋಶಾಧ್ಯಕ್ಷನಾಗಿದ್ದೆನು. ವಯಸ್ಸು ಮೂವತ್ತರ ಆಚೆ, ಬಿಕಾಂ ಪದವಿಯ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ಬ್ಯಾಂಕಿನ ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷರ ಹಾಗೂ ನನ್ನ ಸಹಿ ಎರಡೂ ಬೇಕಾಗಿದ್ದವು. ಧರ್ಮಶಾಲೆಯ ಕಟ್ಟಡಕ್ಕೆ ಆದ ಖರ್ಚಿನಲ್ಲಿ ದೊಡ್ಡದೊಂದು ಮೊತ್ತಕ್ಕೆ ರಸೀದಿಗಳಿರಲಿಲ್ಲ. ರಸೀದಿ ಬರುವವರೆಗೆ ಯಾವ ಚೆಕ್ಕಿಗೂ ಸಹಿ ಹಾಕೆನೆಂದು ನಾನು ಹೇಳಿದೆನು. ಸಹಿ ಹಾಕುವವರೆಗೆ ಸಭೆ ಕರೆಯೆನೆಂದು ಅಧ್ಯಕ್ಷರು ಹೇಳಿದರು. ನನ್ನ ಪಕ್ಷ ನ್ಯಾಯವಾದುದೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಎರಡೂವರೆ ತಿಂಗಳು ಹೀಗೆಯೇ ಕಳೆಯಿತು. ಬಸದಿಯ ಗಂಟೆ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಪುರೋಹಿತರು ಬೆಳಗಿನ ಅಭಿಷೇಕ, ಸಂಜೆಯ ಆರತಿಯನ್ನು ಎಂದಿನಂತೆ ನಡೆಸುತ್ತಿದ್ದರು. ಒಂದು ದಿನ ನನ್ನ ಕಿರಾಣಿ ಅಂಗಡಿಯಲ್ಲಿ ಗುಮಾಸ್ತನು ಬಾರದಿದ್ದುದರಿಂದ ಉದ್ರಿ ಪುಸ್ತಕವನ್ನು ನಾನೇ ತೆರೆದೆನು. ಪುರೋಹಿತರ ಹೆಸರಿನ ಪುಟ ತುಂಬಿತ್ತು. ಅಕ್ಕಿ, ಬೆಲ್ಲ, ಎಣ್ಣೆ. ಅವುಗಳ ನಡುವೆ ಬಸದಿಯ ದೀಪದ ತುಪ್ಪ, ಕರ್ಪೂರ. ಮನೆಯ ಸಾಮಾನಿನ ಜೊತೆಗೆ ದೇವರ ಸಾಮಾನನ್ನೂ ಅವರು ತಮ್ಮ ಹೆಸರಿಗೇ ಬರೆಸಿದ್ದರು. ಒಟ್ಟು 1,340 ರೂಪಾಯಿ. ನಾನು ತಡೆದಿಟ್ಟ ಸಂಬಳವು ನನ್ನ ಅಂಗಡಿಯ ಪುಸ್ತಕದಲ್ಲಿಯೇ ಅವರ ಸಾಲವಾಗಿ ಕುಳಿತಿತ್ತು.

ಸಂಜೆ ಅವರನ್ನು ಕರೆಸಿ, ಈ ಬಾಕಿಯನ್ನು ಹೊಡೆದುಹಾಕುವೆನೆಂದು ಹೇಳಿದೆನು. ದೊಡ್ಡ ಉಪಕಾರ ಮಾಡುತ್ತಿರುವೆನೆಂಬ ಭಾವ ನನ್ನಲ್ಲಿತ್ತು. ಅವರು ಕೈಮುಗಿದು, "ಹೊಡೆದುಹಾಕಬೇಡಿ ಸಾಹುಕಾರರೇ. ನಾನು ಬೇಡಲು ಬಂದವನಲ್ಲ, ದುಡಿದಿದ್ದೇನೆ. ಸಂಬಳ ಬಂದರೆ ನಾನೇ ತೀರಿಸುತ್ತೇನೆ. ಅದನ್ನು ಬಿಡಿಸುವುದು ತಮ್ಮ ಕೈಯಲ್ಲೇ ಇದೆಯಲ್ಲ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

ಅಂದು ರಾತ್ರಿ ಸಂಬಳಕ್ಕೂ ನಿತ್ಯಪೂಜೆಯ ಖರ್ಚಿಗೂ ಮಾತ್ರ ಚೆಕ್ಕು ಬರೆದು, ನನ್ನ ಸಹಿ ಹಾಕಿ, ಅಧ್ಯಕ್ಷರ ಮನೆಗೆ ಹೋದೆನು. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದನ್ನು ಎರಡು ತಿಂಗಳ ಹಿಂದೆಯೇ ತರಬಹುದಿತ್ತಲ್ಲ?" ಎಂದರು. "ತಾವೂ ಕೇಳಬಹುದಿತ್ತು" ಎಂದೆನು. ಇಬ್ಬರ ಮಾತೂ ನಿಜವಾಗಿತ್ತು. ಅವರು ಸಹಿ ಹಾಕಿದರು. ಕೋಶಾಧ್ಯಕ್ಷರು ಮಣಿದರೆಂದು ಮರುದಿನ ಊರು ಆಡಿಕೊಂಡಿತು. ಕಟ್ಟಡದ ರಸೀದಿಗಳು ಪೂರ್ತಿಯಾಗಿ ಎಂದೂ ಬರಲಿಲ್ಲ. ಆ ನಷ್ಟವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ರಸೀದಿಯ ಜಗಳವನ್ನು ಆಮೇಲೂ ಮುಂದುವರಿಸಿದೆನು, ಪುರೋಹಿತರ ಸಂಬಳವನ್ನು ಒತ್ತೆಯಿಡದೆ ಮುಂದುವರಿಸಿದೆನು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿರುವುದು ಓದುಗರಿಗೆ ತಿಳಿದದ್ದೇ. ಅವುಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ: ಹೊರಲಾರದಷ್ಟು ಭಾರ ಹೊರಿಸುವುದು, ನಮ್ಮನ್ನು ನಂಬಿದವರ ಅನ್ನನೀರನ್ನು ತಡೆಯುವುದು. ಎತ್ತು ಕುದುರೆಗಳ ವಿಷಯವೆಂದು ಇವನ್ನು ಬಾಲ್ಯದಲ್ಲಿ ಕಲಿತಿದ್ದೆನು. ಉದ್ರಿ ಪುಸ್ತಕದ ಆ ಪುಟವನ್ನು ನೋಡಿದ ದಿನ ಅವು ನನ್ನ ವಿಷಯವಾದವು. ಸಂಬಳವಿಲ್ಲದೆ ವಿಮಾನಗಳ ಸಂಚಾರವನ್ನು ನಿಯಂತ್ರಿಸಬೇಕಾದವರ ಮೇಲಿನ ಹೊರೆ ಮೊದಲನೆಯದಕ್ಕೆ, ತಡೆದ ಆಹಾರ ನೆರವು ಎರಡನೆಯದಕ್ಕೆ ಎಷ್ಟು ಹತ್ತಿರವೆಂಬುದನ್ನು ವಿವರಿಸಬೇಕಿಲ್ಲ. ಈ ಅತಿಚಾರಗಳನ್ನು ಹೇಳುವಾಗ ಶಾಸ್ತ್ರವು, ಯಜಮಾನನ ವ್ಯಾಜ್ಯ ನ್ಯಾಯವಾಗಿದ್ದರೆ ದೋಷವಿಲ್ಲವೆಂದು ಎಲ್ಲಿಯೂ ವಿನಾಯಿತಿ ಕೊಟ್ಟಿಲ್ಲ.

ಹಾಗಾದರೆ ಹೊಣೆ ಯಾರದು? ಜಗಳವನ್ನು ಹುಟ್ಟಿಸಿದ ತಪ್ಪು ಯಾರದೆಂಬುದು ಒಂದು ಪ್ರಶ್ನೆ. ಬೀಗವನ್ನು ತೆಗೆಯುವ ಹೊಣೆ ಯಾರದೆಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬೀಗ ತೆರೆಯದೆ ಉಳಿಯುತ್ತದೆ. ಮೊದಲನೆಯದಕ್ಕೆ ಸಾಕ್ಷಿ ಬೇಕು, ವಿಚಾರಣೆ ಬೇಕು, ಕಾಲ ಬೇಕು. ಎರಡನೆಯದಕ್ಕೆ ನೋಡಬೇಕಾದದ್ದು ಒಂದೇ: ಬೀಗದ ಕೈ ಯಾರ ಬಳಿ ಇದೆ?

ಅಮೆರಿಕದ ಇತಿಹಾಸವೂ ಇದನ್ನೇ ತೋರಿಸುತ್ತದೆ. 1995ರ ಡಿಸೆಂಬರ್ 16ರಿಂದ ಇಪ್ಪತ್ತೊಂದು ದಿನ ನಡೆದ ಬೀಗಮುದ್ರೆಯಲ್ಲಿ, ಅಧ್ಯಕ್ಷ ಕ್ಲಿಂಟನ್ ಅವರ ವಿರೋಧ ಪಕ್ಷದ ಬಾಬ್ ಡೋಲ್ ನಾಯಕರಾಗಿದ್ದ ಸೆನೆಟ್ 1996ರ ಜನವರಿ 2ರಂದು ನೌಕರರನ್ನು ಮರಳಿ ಕರೆಸುವ ಮಸೂದೆಯನ್ನು ಅಂಗೀಕರಿಸಿತು. ಆ ವರ್ಷ ಕ್ಲಿಂಟನ್ ಅವರ ಎದುರು ಚುನಾವಣೆಗೆ ನಿಲ್ಲಲಿದ್ದವರೂ ಡೋಲ್ ಅವರೇ. 2013ರ ಹದಿನಾರು ದಿನಗಳ ತಡೆಯು, ಕೆಳಮನೆಯ ಸಭಾಧ್ಯಕ್ಷ ಜಾನ್ ಬೇನರ್ ಅವರು ತಮ್ಮ ಪಕ್ಷದ ಹೆಚ್ಚಿನವರು ಒಪ್ಪದ ಮಸೂದೆಯನ್ನು ಮತಕ್ಕೆ ಬಿಟ್ಟಾಗ ಮುಗಿಯಿತು. 2018ರ ಡಿಸೆಂಬರ್ 22ರಿಂದ 35 ದಿನ ನಡೆದದ್ದು, ಗಡಿಗೋಡೆಗೆ ಕೇಳಿದ ಹಣ ದೊರೆಯದೆಯೇ ಅಧ್ಯಕ್ಷ ಟ್ರಂಪ್ ಸಹಿ ಹಾಕಿದಾಗ ನಿಂತಿತು. ಆ ದಿನವೇ ನಿಯಂತ್ರಕರ ಕೊರತೆಯಿಂದ ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಲ್ಲಿ ವಿಮಾನಗಳಿಗೆ ತಡೆ ಬಿದ್ದಿತ್ತು. ಆ ಬೀಗಮುದ್ರೆಯಿಂದ ದೇಶದ ಉತ್ಪನ್ನಕ್ಕೆ 1,100 ಕೋಟಿ ಡಾಲರು ನಷ್ಟವಾಯಿತೆಂದೂ ಅದರಲ್ಲಿ 300 ಕೋಟಿ ಎಂದಿಗೂ ಮರಳದೆಂದೂ ಕಾಂಗ್ರೆಸ್ಸಿನ ಆಯವ್ಯಯ ಕಚೇರಿ ಅಂದಾಜಿಸಿತು. 2025ರದು 43 ದಿನ ನಡೆದು, ಅದುವರೆಗಿನ ಎಲ್ಲವನ್ನೂ ಮೀರಿತು. ಡೆಮಾಕ್ರಟಿಕ್ ಬಣದ ಎಂಟು ಸೆನೆಟರುಗಳು ತಮ್ಮ ಬಣದ ನಿಲುವನ್ನು ಮೀರಿ ಮತ ಕೊಟ್ಟಿದ್ದರಿಂದ ನವೆಂಬರ್ 12ರಂದು ಅದು ಕೊನೆಗೊಂಡಿತು. ಪ್ರತಿಸಲವೂ ತೆರೆದವರು ಬೇರೆಬೇರೆ. ಯಾರ ತಪ್ಪೆಂದು ತೀರ್ಮಾನವಾದ ಮೇಲೆ ತೆರೆದದ್ದು ಒಮ್ಮೆಯೂ ಇಲ್ಲ. ಇನ್ನು ಸಹಿಸಲಾಗದೆಂದು ಯಾರೋ ಒಬ್ಬರು ಕೈ ಚಾಚಿದಾಗ ತೆರೆಯಿತು.

ಹೀಗೆಂದ ಮಾತ್ರಕ್ಕೆ ಎಲ್ಲರದೂ ಸಮಪಾಲು ಎಂದು ಅರ್ಥವಲ್ಲ. ಅನೇಕಾಂತವನ್ನು ಹಾಗೆ ಸಡಿಲವಾಗಿ ಬಳಸುವುದು ಅದಕ್ಕೆ ಅಪಚಾರ. ಹೆಚ್ಚು ಕೀಲಿಗಳಿರುವವನ ಹೊಣೆ ಹೆಚ್ಚು. ಅಧ್ಯಕ್ಷಪದವಿ ಮತ್ತು ಎರಡೂ ಸದನಗಳಿದ್ದ ಪಕ್ಷದ ಬಳಿ ಕೀಲಿಗಳ ಗೊಂಚಲೇ ಇತ್ತು. ಮಾತುಕತೆಗೆ ಕರೆಯುವ ಅಧಿಕಾರವಿತ್ತು, ಬಯಸಿದ್ದರೆ 60 ಮತದ ನಿಯಮವನ್ನೇ ಬದಲಿಸುವ ಬಲವಿತ್ತು. ಆದರೂ ಕೆಳಮನೆಯು ಸೆಪ್ಟೆಂಬರ್ 19ರ ನಂತರ ನವೆಂಬರ್ 12ರವರೆಗೆ ಒಂದು ಮತಕ್ಕೂ ಕೂಡಲಿಲ್ಲ. ಅದು ದೊಡ್ಡ ಲೋಪ. ವಿರೋಧ ಪಕ್ಷದ ಬಳಿ ಒಂದೇ ಕೀಲಿ ಇದ್ದಿತು, ಆದರೆ ಇದ್ದಿತು. ಅದೂ ತನ್ನ ಪಾಲಿನ ಹೊಣೆಯನ್ನು ಇನ್ನೊಬ್ಬರ ಪಾಲು ದೊಡ್ಡದೆಂದು ತೋರಿಸಿ ಕಳೆದುಕೊಳ್ಳಲಾಗದು. ನಮ್ಮ ಶಾಸ್ತ್ರವು ದೋಷವನ್ನು ಕೃತ, ಕಾರಿತ, ಅನುಮೋದನ ಎಂದು ಮೂರಾಗಿ ಎಣಿಸುತ್ತದೆ. ಬೀಗ ಹಾಕಿದವರು, ಹಾಕಿಸಿದವರು ಮಾತ್ರವಲ್ಲದೆ, ಮಣಿಯಬೇಡಿರೆಂದು ದೂರದಿಂದ ಚಪ್ಪಾಳೆ ತಟ್ಟಿದ ಮತದಾರರೂ ಆ ಲೆಕ್ಕದಲ್ಲಿ ಬರುತ್ತಾರೆ. 1994ರಲ್ಲಿ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು "ಸಹಿ ಹಾಕಬೇಡಿ" ಎಂದು ನನ್ನನ್ನು ಹುರಿದುಂಬಿಸಿದವರು ಕಡಿಮೆಯಿರಲಿಲ್ಲ. ಅವರಾರೂ ಪುರೋಹಿತರ ಮನೆಯ ಒಲೆಯನ್ನು ನೋಡಿರಲಿಲ್ಲ.

ಮೊದಲು ಕೈ ಚಾಚಿದವನಿಗೆ ಬಹುಮಾನ ಸಿಗುವುದೆಂದೂ ನಾನು ಹೇಳಲಾರೆ. ಆ ಎಂಟು ಮಂದಿಯನ್ನು ಅವರ ಪಕ್ಷದವರೇ ಶರಣಾದವರೆಂದು ಜರೆದರು. ಅವರಿಗೆ ದೊರೆತದ್ದು ವಿಮೆಯ ಸಹಾಯಧನವನ್ನು ಡಿಸೆಂಬರಿನಲ್ಲಿ ಮತಕ್ಕೆ ಹಾಕುವೆವೆಂಬ ಮಾತು. ಮತಕ್ಕೆ ಹಾಕಿದಾಗ 60 ದೊರೆಯಲಿಲ್ಲ, ವರ್ಷಾಂತ್ಯಕ್ಕೆ ಆ ಸಹಾಯಧನ ಮುಗಿಯಿತು. ಅವರ ಭಯ ಸುಳ್ಳಾಗಿರಲಿಲ್ಲ. ಆದರೂ ಒಬ್ಬ ಬಡವನ ಔಷಧಕ್ಕಾಗಿ ಇನ್ನೊಬ್ಬ ಬಡವನ ಅನ್ನವನ್ನು ಒತ್ತೆಯಿಡುವ ಅಧಿಕಾರ ಯಾರಿಗೂ ಇಲ್ಲ. ಔಷಧಕ್ಕಾಗಿ ಹೋರಾಡಲಿ, ನಷ್ಟವು ಹೋರಾಡುವವನ ಪಾಲಿಗೆ ಬರಲಿ, ದುಡಿಯುವವನ ಪಾಲಿಗಲ್ಲ. ಅಳಿಯನಿಗೆ ನನ್ನ ಉತ್ತರವಿದು: ಕೀಲಿ ಕೈಯಲ್ಲಿರುವ ಪ್ರತಿಯೊಬ್ಬನ ಹೊಣೆಯೂ ಪೂರ್ಣವಾದದ್ದು, ಹೆಚ್ಚು ಕೀಲಿಗಳಿರುವವನು ಮೊದಲು ಏಳಬೇಕು, ಅವನು ಏಳಲಿಲ್ಲವೆಂಬುದು ನಾನು ಕುಳಿತಿರುವುದಕ್ಕೆ ಕಾರಣವಾಗದು.

ಪಕ್ಕದ ಮನೆಯವರಿಗೆ ನವೆಂಬರ್ ಮುಗಿಯುವುದರೊಳಗೆ ಬಾಕಿ ಸಂಬಳ ಬಂದಿತೆಂದು ಮಗಳು ದೂರವಾಣಿಯಲ್ಲಿ ತಿಳಿಸಿದಳು. ಅವರು ಲಾಡಿನ ಡಬ್ಬಿಯನ್ನು ತೊಳೆದು, ಅದರ ತುಂಬ ಸೇಬುಗಳನ್ನಿಟ್ಟು ಹಿಂದಿರುಗಿಸಿದರಂತೆ.

ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಬಸದಿಗಳಲ್ಲಿ ಮುಂದೆಯೂ ಭಿನ್ನಾಭಿಪ್ರಾಯಗಳು ಬರುತ್ತವೆ. ಬರಬಾರದೆಂದು ಹೇಳುವುದು ವ್ಯರ್ಥ. ಆದರೆ ಟ್ರಸ್ಟಿನ ನಿಯಮಾವಳಿಯಲ್ಲಿ ಒಂದು ವಾಕ್ಯವನ್ನು ಸೇರಿಸಬಹುದು: ಪದಾಧಿಕಾರಿಗಳ ನಡುವೆ ಯಾವುದೇ ವ್ಯಾಜ್ಯವಿದ್ದರೂ ಪುರೋಹಿತರ, ಕಾವಲುಗಾರನ, ಕಸ ಗುಡಿಸುವವಳ ಸಂಬಳ ಮತ್ತು ನಿತ್ಯಪೂಜೆಯ ಖರ್ಚು ಹಿಂದಿನ ತಿಂಗಳಿನ ಪ್ರಮಾಣದಲ್ಲಿ ತಪ್ಪದೆ ನಡೆಯತಕ್ಕದ್ದು. ನಮ್ಮ ಟ್ರಸ್ಟಿನಲ್ಲಿ ಇದನ್ನು 1995ರಲ್ಲಿ ಸೇರಿಸಿದೆವು. ಠರಾವನ್ನು ಮಂಡಿಸಿದವನು ನಾನು. ಅನುಮೋದಿಸಿದವರು ಅದೇ ಅಧ್ಯಕ್ಷರು.